ತವಾಂಗ್ ಮಠಕ್ಕೆ ಅರ್ಧ ಗಂಟೆ ಸಾಲದು

ಮಾನ್ಯ ಸಂಪಾದಕರೇ,

ಅರುಣಾಚಲದ ತವಾಂಗ್‌ಗೆ ಕರೆದೊಯ್ಯುವ ಪ್ಯಾಕೇಜ್ ಪ್ರವಾಸಗಳಲ್ಲಿ ಒಂದು ದೊಡ್ಡ ಲೋಪವಿದೆ. ಊರು ತಲುಪಿದ ಮರುದಿನವೇ ಚೀನಾ ಗಡಿಯ ಬುಮ್ ಲಾ ಕಣಿವೆದಾರಿ, ಇಳಿದು ಬಂದ ಮೇಲೆ ಸಂಜೆ ಅರ್ಧ ಗಂಟೆ ಊರಿನ ಬೌದ್ಧ ಮಠ. ಅಲ್ಲಿ ಚಳಿಗಾಲದಲ್ಲಿ ಸಂಜೆ ಐದಕ್ಕೆಲ್ಲ ಕತ್ತಲಾಗುತ್ತದೆ. ನೋಡುವುದಾದರೂ ಏನನ್ನು?

ಈ ಆತುರ ಆರೋಗ್ಯಕ್ಕೂ ಕೇಡು. ತವಾಂಗ್ ಇರುವುದು ಸುಮಾರು 10,000 ಅಡಿಯಲ್ಲಿ, ಬುಮ್ ಲಾ 15,200 ಅಡಿಯಲ್ಲಿ. ಬಯಲಿನ ಗುವಾಹಟಿಯಿಂದ ಒಂದೇ ಉಸಿರಿಗೆ ಹತ್ತಿದವರಿಗೆ ತಲೆನೋವು, ವಾಂತಿ ಶುರುವಾಗುವುದು ಇದರಿಂದಲೇ. ಈ ದಾರಿಯಲ್ಲಿ 2024ರಲ್ಲಿ ತೆರೆದ ಸೇಲಾ ಸುರಂಗದಿಂದ ಹಿಮದ ಕಾಟ ತಪ್ಪಿದೆ, ಎತ್ತರ ತಪ್ಪಿಲ್ಲ. ಸುರಂಗವೇ 13,000 ಅಡಿಯಲ್ಲಿದೆ. ದಾರಿಯಲ್ಲಿ ದಿರಾಂಗ್‌ನಲ್ಲಿ ಒಂದು ರಾತ್ರಿ ತಂಗಿ, ತವಾಂಗ್ ತಲುಪಿದ ಮರುದಿನ ಊರಲ್ಲೇ ಇರಬೇಕು. ತಲೆನೋವಿನ ಜೊತೆ ವಾಂತಿಯೂ ಇದ್ದರೆ ಮೇಲೆ ಹೋಗುವ ಮಾತೇ ಬೇಡ, ಕೆಳಗಿಳಿಯಬೇಕು.

ಆ ಬಿಡುವಿನ ದಿನವೇ ಮಠದ ದಿನವಾಗಲಿ. ಬುಮ್ ಲಾಗೆ ಅರುಣಾಚಲ ಪ್ರವೇಶಿಸಲು ಹೊರರಾಜ್ಯದವರಿಗೆ ಬೇಕಾದ ಇನ್ನರ್ ಲೈನ್ ಪರ್ಮಿಟ್ ಸಾಲದು, ಪ್ರತ್ಯೇಕ ಅನುಮತಿ ಬೇಕು. ಗುರುತಿನ ಚೀಟಿಯ ಪ್ರತಿ ಕೊಟ್ಟು ಅದನ್ನೂ ಅಂದೇ ಮಾಡಿಸಿಕೊಳ್ಳಬಹುದು. ರಜೆಯ ದಿನ ಬರದಂತೆ ಲೆಕ್ಕ ಹಾಕಿಕೊಂಡರಾಯಿತು.

ಮೆರಗ್ ಲಾಮಾ ಲೋದ್ರೆ ಗ್ಯಾತ್ಸೊ 1680–81ರಲ್ಲಿ ಕಟ್ಟಿಸಿದ, ಟಿಬೆಟನ್ ಬೌದ್ಧರ ಗೆಲುಗ್ ಪಂಥದ ಮಠವಿದು. 925 ಅಡಿ ಉದ್ದದ ಸುತ್ತುಗೋಡೆ, ಒಳಗೆ ಭಿಕ್ಷುಗಳ ಮನೆಗಳು. ಕೋಟೆಯೊಳಗೊಂದು ಊರು ಎನ್ನಬೇಕು. ಕಾಕಾಲಿಂಗ್ ದ್ವಾರದಲ್ಲಿ ನಿಂತು ತಲೆಯೆತ್ತಿ ನೋಡಿ, ಮಂಡಲ ಚಿತ್ರಗಳಿರುವುದು ಚಾವಣಿಯಲ್ಲಿ. ದುಖಾಂಗ್ ಸಭಾಮಂದಿರಕ್ಕೆ ಬೆಳಗಿನ ಪ್ರಾರ್ಥನೆಯ ಹೊತ್ತಿಗೇ ಹೋಗಬೇಕು. ಚಪ್ಪಲಿ, ಟೋಪಿ ತೆಗೆದು, ಪ್ರದಕ್ಷಿಣೆಯ ದಿಕ್ಕಿನಲ್ಲೇ ನಡೆಯಿರಿ. ಕೇಳದೆ ಫೋಟೊ ತೆಗೆಯಬೇಡಿ. ಫ್ಲ್ಯಾಷ್ ಬೆಳಕು ಹಳೆಯ ಥಂಕಾಗಳಿಗೂ (ಬಟ್ಟೆಯ ಮೇಲಿನ ಧಾರ್ಮಿಕ ಚಿತ್ರಪಟಗಳು) ಒಳ್ಳೆಯದಲ್ಲ. ಗ್ರಂಥಾಲಯವನ್ನು ಬಿಟ್ಟು ಬರಬೇಡಿ. ಇಲ್ಲಿನ ಮೊನ್ಪಾ ಬುಡಕಟ್ಟಿನ ಜನ ಶುಗು ಶೆಂಗ್ ಗಿಡದ ತೊಗಟೆ ಬೇಯಿಸಿ, ಕುಟ್ಟಿ ತಿರುಳು ಮಾಡಿ ತಯಾರಿಸುವ ಕಾಗದದ ಮೇಲೆ ಇಲ್ಲಿ ಧರ್ಮಗ್ರಂಥಗಳನ್ನು ಬರೆಯುತ್ತಿದ್ದರು. ನಿಂತುಹೋಗುವ ಹಂತದಲ್ಲಿದ್ದ ಆ ಕಸುಬಿಗೆ 2020ರ ಡಿಸೆಂಬರ್‌ನಲ್ಲಿ ಖಾದಿ ಆಯೋಗ ತವಾಂಗ್‌ನಲ್ಲಿ ಘಟಕ ತೆರೆಯಿತು. ಕೊಳ್ಳುವುದಿದ್ದರೆ ಆ ಕಾಗದ ಕೊಳ್ಳಿ.

ಮಧ್ಯಾಹ್ನ ಉಳಿದರೆ ಉರ್ಗೆಲಿಂಗ್‌ಗೆ ಹೋಗಬಹುದು. 1683ರಲ್ಲಿ ಆರನೆಯ ದಲೈ ಲಾಮಾ ಹುಟ್ಟಿದ್ದು ಅಲ್ಲಿ. ಊರಿಗೆ ಹತ್ತಿರವೇ ಇರುವ ಆ ಪುಟ್ಟ ಗುಡಿ ಪ್ರವಾಸದ ಪಟ್ಟಿಗಳಲ್ಲಿ ಸೇರಲೇಬೇಕು.

– ಒಬ್ಬ ಓದುಗ