ರೆಕ್ಕೆ ಕಟ್ಟುವ ಮುನ್ನ: ಸದಸ್ಯರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಸ್ಕೇಲ್ ಮಾದರಿಯ (ನಿಜವಾದ ವಿಮಾನದ ಹಾರುವ ಚಿಕ್ಕ ಪ್ರತಿರೂಪದ) ರೆಕ್ಕೆ ಶುರು ಮಾಡುವವರು ಮೊದಲು ಬಾಲ್ಸಾ ಎಂಬ ಹಗುರ ಮರದ ಹಾಳೆಗಳನ್ನು ತೂಗಿ ವಿಂಗಡಿಸಿ. ಗಟ್ಟಿಯಾದದ್ದು ಸ್ಪಾರ್‌ಗೆ (ರೆಕ್ಕೆಯ ಉದ್ದಕ್ಕೂ ಹೋಗುವ ಮುಖ್ಯ ತೊಲೆಗೆ), ಹಗುರವಾದದ್ದು ರೆಕ್ಕೆಯ ತುದಿಗೆ ಮತ್ತು ಬಾಲಕ್ಕೆ. ಬಾಲದ ತೂಕದಲ್ಲಂತೂ ದಯವಿಟ್ಟು ಜಿಪುಣತನ ಮಾಡಿ! ಮೂತಿ ಗಿಡ್ಡವಿರುವ ವಿಮಾನದಲ್ಲಿ ಹಿಂದೆ 10 ಗ್ರಾಂ ಹೆಚ್ಚಾದರೆ ಸಮತೋಲಕ್ಕಾಗಿ ಮುಂದೆ 30 ಗ್ರಾಂ ಸೀಸ ಇಡಬೇಕಾಗಬಹುದು.

ನಕ್ಷೆಯನ್ನು ಸಮತಟ್ಟಾದ ಹಲಗೆಗೆ ಅಂಟಿಸಿ, ಮೇಲೆ ತೆಳು ಪ್ಲಾಸ್ಟಿಕ್ ಹಾಸಿಕೊಳ್ಳಿ. ಮೇಲಿನ ಮತ್ತು ಕೆಳಗಿನ ಸ್ಪಾರ್‌ಗಳ ನಡುವೆ ಕೂರಿಸುವ ವೆಬ್‌ನ (ಅವೆರಡನ್ನೂ ಜೋಡಿಸುವ ತೆಳು ಹಾಳೆಯ) ಮರದ ಎಳೆ ಲಂಬವಾಗಿಯೇ ಇರಬೇಕು. ಅಡ್ಡ ಎಳೆಯ ವೆಬ್ ಹೊರೆ ಬಿದ್ದಾಗ ಜಜ್ಜಿಹೋಗುತ್ತದೆ, ಸ್ಪಾರ್ ಬಾಗಿ ಮುರಿಯುತ್ತದೆ.

ಬಹಳ ಜನ ಬಿಟ್ಟುಬಿಡುವುದು ವಾಶ್‌ಔಟ್, ಅಂದರೆ ರೆಕ್ಕೆಯ ತುದಿಯಲ್ಲಿ ಹಿಂಬದಿಯ ಅಂಚು ತುಸು ಮೇಲಿರುವಂತೆ ಕೊಡುವ ತಿರುವು. ತುದಿಯ ಕಡೆ ಕಿರಿದಾಗುವ ರೆಕ್ಕೆಗೆ ಇದು ಬೇಕೇ ಬೇಕು. ಇಲ್ಲವಾದರೆ ಇಳಿಯುವಾಗ ವೇಗ ತಗ್ಗಿದೊಡನೆ ತುದಿ ಮೊದಲು ಸ್ಟಾಲ್ ಆಗಿ (ಎತ್ತುವ ಬಲ ಕಳೆದುಕೊಂಡು) ವಿಮಾನ ಪಕ್ಕಕ್ಕೆ ಮಗುಚುತ್ತದೆ. ತುದಿಯಲ್ಲಿ ಅಗಲ (ಮುಂದಿನ ಅಂಚಿನಿಂದ ಹಿಂದಿನ ಅಂಚಿಗೆ) 150 ಮಿ.ಮೀ. ಇದ್ದರೆ ಹಿಂಬದಿಯ ಅಂಚಿನಡಿ 5 ಮಿ.ಮೀ. ಪಟ್ಟಿ ಕೊಡಿ, ಸುಮಾರು 2 ಡಿಗ್ರಿ ತಿರುವು ಸಿಗುತ್ತದೆ. ಪಟ್ಟಿ ಬುಡದ ಕಡೆಗೆ ಸೊನ್ನೆಯಾಗುವಂತೆ ಇಳಿಜಾರಾಗಿರಲಿ. ಮೇಲಿನ ಹೊದಿಕೆ ಹಾಳೆಯ ಅಂಟು ಪೂರ್ತಿ ಒಣಗುವವರೆಗೆ ರೆಕ್ಕೆಯನ್ನು ಹಲಗೆಯಿಂದ ಎತ್ತಬೇಡಿ. ಎತ್ತಿದರೆ ತಿರುವು ಎರಡೂ ಬದಿಗೆ ಒಂದೇ ಸಮ ಬರುವುದಿಲ್ಲ.

ಫಿಲ್ಮ್ (ಬಿಸಿ ಮಾಡಿದಾಗ ಬಿಗಿಯಾಗುವ ತೆಳು ಪ್ಲಾಸ್ಟಿಕ್ ಹೊದಿಕೆ) ಹೊದಿಸುವಾಗ ಮೇಲೆ, ಕೆಳಗೆ ಸ್ವಲ್ಪಸ್ವಲ್ಪವೇ ಬಿಗಿ ಮಾಡುತ್ತ ಹೋಗಿ. ಒಂದೇ ಕಡೆ ಎಳೆದರೆ ರೆಕ್ಕೆ ಸೊಟ್ಟಗಾಗುತ್ತದೆ. ಗುರುತ್ವ ಕೇಂದ್ರ ನಕ್ಷೆಯಲ್ಲಿ ತೋರಿಸಿದ ಜಾಗದಲ್ಲಿರಲಿ, ಅದಕ್ಕಿಂತ ಹಿಂದೆ ಬೇಡ. ನಕ್ಷೆಯಲ್ಲಿ ಇಲ್ಲದಿದ್ದರೆ ಮೊದಲ ಹಾರಾಟಕ್ಕೆ ಮುಂದಿನ ಅಂಚಿನಿಂದ ರೆಕ್ಕೆಯ ಸರಾಸರಿ ಅಗಲದ ಶೇ. 25ರಲ್ಲಿ ಇಡಿ.