ರಾತ್ರಿಯಿಡೀ ಫೋನ್ ಇಡದ ಅಣ್ಣನಿಗೆ

ಹೆಸರು ಹಾಕಬೇಡ್ರಿ ಅಂದಿರಿ, ಹಾಕಿಲ್ಲ. ಆದರೆ ಥ್ಯಾಂಕ್ಸ್ ಹೇಳದೆ ಇರಲಾರೆ ಅಣ್ಣ.

ಕಲಬುರಗಿಯ ಗಂಜ್‌ನಲ್ಲಿ ತೊಗರಿ ಅಂಗಡಿಯೊಂದರ ಲೆಕ್ಕ ನೋಡುವವನು ನಾನು. ಹೋದ ವಾರ ಡಿಸ್ಕ್ ತುಂಬಿತು ಅಂತ ಜಾಗ ಖಾಲಿ ಮಾಡುವಾಗ ಲಿನಕ್ಸ್ ಸರ್ವರ್‌ನ ಬಿನ್, ಲಿಬ್, ಲಿಬ್64 ಅನ್ನುವ, ಸಿಸ್ಟಂ ಫೋಲ್ಡರುಗಳಿಗೆ ದಾರಿ ತೋರಿಸುವ ಲಿಂಕ್‌ಗಳು ಅಳಿಸಿಹೋದವು. ಆಮೇಲೆ ಏನು ಟೈಪ್ ಮಾಡಿದರೂ ‘ಅಂಥ ಫೈಲ್ ಇಲ್ಲ’ ಅಂತಲೇ ಉತ್ತರ. ಎಲ್‌ಎಸ್ ಅಂತ ಫೈಲ್ ಹೆಸರು ತೋರಿಸುವ ಕಮಾಂಡ್ ಕೂಡ ಓಡಲಿಲ್ಲ. ಬೆಳಿಗ್ಗೆ ರೈತರಿಗೆ ಲೆಕ್ಕದ ಪಟ್ಟಿ ಕೊಡಬೇಕು. ಕೈ ನಡುಗುತ್ತಿತ್ತು.

ಪರಿಚಯದವರು ಕೊಟ್ಟ ನಂಬರಿಗೆ ಫೋನ್ ಹಚ್ಚಿದೆ. ನೀವು ಮೊದಲು ಹೇಳಿದ್ದು ಇಷ್ಟೇ: “ಆ ಕಪ್ಪು ವಿಂಡೋ ಮುಚ್ಚಬೇಡ್ರಿ. ರೀಸ್ಟಾರ್ಟ್ ಅಂತೂ ಮಾಡಲೇಬೇಡ್ರಿ.”

ಆಮೇಲೆ ನಿಧಾನಕ್ಕೆ ತಿಳಿಸಿದಿರಿ. ಫೈಲ್‌ಗಳೆಲ್ಲ ಯುಎಸ್‌ಆರ್ ಫೋಲ್ಡರ್ ಒಳಗೇ ಇವೆ, ಹೋಗಿದ್ದು ಅಲ್ಲಿಗೆ ದಾರಿ ತೋರಿಸುವ ಲಿಂಕ್ ಮಾತ್ರ. ಹೆಚ್ಚಿನ ಪ್ರೋಗ್ರಾಂಗಳು ಶುರುವಾಗುವಾಗ ಲಿಬ್64ನಲ್ಲಿ ಲೋಡರ್ (ಅವನ್ನು ಓಡಲು ಸಿದ್ಧ ಮಾಡುವ ಸಣ್ಣ ಪ್ರೋಗ್ರಾಂ) ಹುಡುಕುತ್ತವೆ, ಅದು ಸಿಗದೆ ನಿಂತಿವೆ ಅಂತ. ಯುಎಸ್‌ಆರ್ ಒಳಗಿನ ಲೋಡರನ್ನೇ ಪೂರ್ತಿ ದಾರಿ ಕೊಟ್ಟು ಕರೆದು, ಅದರ ಮೂಲಕ ಎಲ್‌ಎನ್ ಅಂತ ಲಿಂಕ್ ಹಾಕುವ ಕಮಾಂಡ್ ಓಡಿಸಿದಿರಿ. ಒಂದೊಂದು ಅಕ್ಷರ, ಒಂದೊಂದು ಸ್ಲ್ಯಾಷ್ ನನ್ನಿಂದ ಓದಿಸಿ, ಆಮೇಲೆ “ಹೂಂ, ಎಂಟರ್” ಅಂದಿರಿ. ಮೊದಲು ಲಿಬ್64, ನಂತರ ಉಳಿದವು. ಎಲ್‌ಎಸ್ ಹೊಡೆದೆ. ಹೆಸರುಗಳು ಸಾಲಾಗಿ ಮೂಡಿದಾಗ ಕಣ್ಣಲ್ಲಿ ನೀರು ಬಂತು ಅಣ್ಣ.

ಆಮೇಲೂ ನೀವು ಬಿಡಲಿಲ್ಲ. ಟಿಎಂಪಿ ಫೋಲ್ಡರ್‌ನ ಪರ್ಮಿಷನ್ 1777 ಇದೆಯಾ, ಅಂದರೆ ಅಲ್ಲಿ ಎಲ್ಲರೂ ಬರೆಯಬಹುದು, ಇನ್ನೊಬ್ಬರ ಫೈಲ್ ಮಾತ್ರ ಅಳಿಸುವಂತಿಲ್ಲ ಅಂತ ಇದೆಯಾ ನೋಡಿಸಿದಿರಿ, ಬ್ಯಾಕಪ್ ತೆಗೆಸಿದಿರಿ. ಆ ಕಡೆ ಮಗು ಅಳುವ ಸದ್ದು ಎರಡು ಸಲ ಕೇಳಿಸಿತು. ದುಡ್ಡು ಕೇಳಿದರೆ ಬೇಡವೇ ಬೇಡ ಅಂದಿರಿ.

ಗಂಜ್ ಕಡೆ ಬಂದರೆ ಅಂಗಡಿಗೆ ಬರ್ರಿ. ನಿಮ್ಮ ಮನೆಗೆ ಅಂತ ಐದು ಕಿಲೋ ಹೊಸ ಬೇಳೆ ಎತ್ತಿಟ್ಟಿದ್ದೇನೆ.