ಹೆಸರಿನ ಚರ್ಚೆಯಲ್ಲಿ ಸಾಕ್ರಟೀಸ್ ಯಾರ ಪರ?

ಮಾನ್ಯರೇ,

ಮಕ್ಕಳಿಗೆ ಹೆಸರಿಡುವ ಕುರಿತು ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಖನವು, ಹೆಸರಿನ ಧ್ವನಿಗೂ ಹೆಸರಿಸಲಾದ ವಸ್ತುವಿನ ಗುಣಕ್ಕೂ ಸಹಜ ಸಂಬಂಧವಿದೆ ಎಂಬುದನ್ನು ಪ್ಲೇಟೊ ತನ್ನ ‘ಕ್ರಾಟಿಲಸ್’ ಸಂವಾದದಲ್ಲಿ ಸಾಧಿಸಿದ್ದಾನೆ ಎಂದು ಹೇಳಿದೆ. ಸಂವಾದದ ಮೊದಲ ಭಾಗವನ್ನಷ್ಟೇ ಓದಿದವರಿಗೆ ಹಾಗೆ ತೋರಬಹುದು. ಕೊನೆಯ ಭಾಗದಲ್ಲಿ ಸಾಕ್ರಟೀಸನೇ ಆ ವಾದದ ಬುಡವನ್ನು ಪರೀಕ್ಷೆಗೆ ಒಡ್ಡುತ್ತಾನೆ.

ಸಂವಾದದಲ್ಲಿ ಸಾಕ್ರಟೀಸನೊಡನೆ ಮಾತಾಡುವವರು ಹರ್ಮೊಜಿನಿಸ್ ಮತ್ತು ಕ್ರಾಟಿಲಸ್ ಎಂಬಿಬ್ಬರು. ಹೆಸರು ಜನರ ಒಡಂಬಡಿಕೆಯಿಂದ ಬಂದದ್ದು, ಒಡೆಯನು ಗುಲಾಮನ ಹೆಸರನ್ನು ಬದಲಿಸಿದರೆ ಹೊಸದೂ ಹಳೆಯದರಷ್ಟೇ ಸರಿ ಎಂಬುದು ಹರ್ಮೊಜಿನಿಸನ ಪಕ್ಷ. ಕ್ರಾಟಿಲಸನ ಪಕ್ಷವನ್ನು ನಮ್ಮ ವ್ಯಾಕರಣದ ಮಾತಿನಲ್ಲಿ ಹೇಳುವುದಾದರೆ, ಹೆಸರುಗಳೆಲ್ಲವೂ ಅನ್ವರ್ಥನಾಮಗಳೇ, ಅಂದರೆ ವಸ್ತುವಿನ ಗುಣಕ್ಕೆ ತಕ್ಕ ಹೆಸರುಗಳೇ, ಅನ್ವರ್ಥವಲ್ಲದ್ದು ಹೆಸರೇ ಅಲ್ಲ. ಊರೆಲ್ಲ ಕರೆದರೂ ‘ಹರ್ಮೊಜಿನಿಸ್’ ಎಂಬುದು ನಿನ್ನ ಹೆಸರಲ್ಲ ಎಂದು ಅವನು ಎದುರಾಳಿಗೇ ಹೇಳಿಬಿಡುತ್ತಾನೆ. (ಆ ಹೆಸರಿನ ಅರ್ಥ ಹರ್ಮಿಸನಿಂದ ಹುಟ್ಟಿದವನು ಎಂದು. ಹರ್ಮಿಸ್ ಲಾಭದ ದೇವತೆ, ಇವನಿಗೋ ಹಣ ಒಲಿಯುತ್ತಿರಲಿಲ್ಲ, ಅದಕ್ಕೇ ಈ ಚೇಷ್ಟೆ ಇರಬೇಕೆಂದು ಸಾಕ್ರಟೀಸನ ಊಹೆ.)

ಹರ್ಮೊಜಿನಿಸನ ವಿರುದ್ಧ ಸಾಕ್ರಟೀಸನು ಹೂಡುವ ಮೊದಲ ತರ್ಕ ಹೀಗಿದೆ: ವಾಕ್ಯ ನಿಜವಾಗಿದ್ದರೆ ಅದರ ಭಾಗಗಳೂ ನಿಜ, ವಾಕ್ಯದ ಅತಿ ಚಿಕ್ಕ ಭಾಗವೇ ಹೆಸರು, ಆದ್ದರಿಂದ ಹೆಸರಿನಲ್ಲೂ ನಿಜ ಮತ್ತು ಸುಳ್ಳು ಎಂಬುದುಂಟು. ಹರ್ಮೊಜಿನಿಸನು ಇದನ್ನು ಒಪ್ಪಬಾರದಿತ್ತು, ಏಕೆಂದರೆ ಇಡಿಯ ಗುಣವು ಬಿಡಿಗೂ ಇರಲೇಬೇಕೆಂಬ ನಿಯಮವಿಲ್ಲ. ‘ಮನುಷ್ಯ’ ಅಥವಾ ‘ಬಿಳಿ’ ಎಂದಷ್ಟೇ ನುಡಿದರೆ ಅದು ನಿಜವೂ ಅಲ್ಲ, ಸುಳ್ಳೂ ಅಲ್ಲ, ಮತ್ತೊಂದು ಪದದೊಡನೆ ಕೂಡಿದಾಗಲೇ ಆ ಪ್ರಶ್ನೆ ಏಳುತ್ತದೆ ಎಂದು ಅರಿಸ್ಟಾಟಲ್ ಮುಂದೆ ಬರೆದನು. ಹೆಸರು ಒಡಂಬಡಿಕೆಯಿಂದ ಅರ್ಥ ಪಡೆದ ಧ್ವನಿ ಎಂಬ ವ್ಯಾಖ್ಯೆಯೂ ಅವನದೇ. ಸಾಕ್ರಟೀಸನ ಎರಡನೆಯ ತರ್ಕ ಇದಕ್ಕಿಂತ ಗಟ್ಟಿ. ನೇಯಲು ಲಾಳಿ ಹೇಗೋ, ವಸ್ತುಗಳನ್ನು ಬೇರ್ಪಡಿಸಿ ತಿಳಿಸಲು ಹೆಸರು ಹಾಗೆ. ಬಡಗಿ ಮಾಡಿದ ಲಾಳಿ ಸರಿಯೋ ಎಂದು ನೇಕಾರನು ಹೇಳುವಂತೆ, ಹೆಸರು ಸರಿಯೋ ಎಂದು ಹೇಳಬೇಕಾದವನು ಪ್ರಶ್ನೋತ್ತರದಲ್ಲಿ ಪಳಗಿದವನು. ಆದರೆ ಇದರಿಂದ ಸಿದ್ಧವಾಗುವುದು ಹೆಸರು ತನ್ನ ಕೆಲಸ ಮಾಡಬೇಕೆಂಬುದಷ್ಟೇ. ಬೇರೆ ಬೇರೆ ಕಮ್ಮಾರರು ಬೇರೆ ಬೇರೆ ಕಬ್ಬಿಣದಿಂದ ಒಂದೇ ಉಪಕರಣವನ್ನು ಮಾಡುವಂತೆ ಅಕ್ಷರಗಳು ಬೇರೆಯಾಗಿರಬಹುದು ಎಂದು ಸಾಕ್ರಟೀಸನೇ ಹೇಳಿರುವಾಗ, ಧ್ವನಿಸಾಮ್ಯದ ವಾದಕ್ಕೆ ಇಲ್ಲಿ ಆಧಾರ ಸಿಗುವುದಿಲ್ಲ.

ಒಡಂಬಡಿಕೆಯ ಪಕ್ಷದಲ್ಲೇ ನಿಂತ ಗ್ರೀಕ್ ತತ್ತ್ವಜ್ಞಾನಿ ಡೆಮಾಕ್ರಿಟಸನನ್ನು ಲೇಖನ ನೆನೆಯದಿರುವುದೂ ಕೊರತೆಯೇ. ಒಂದೇ ಹೆಸರು ಹಲವು ವಸ್ತುಗಳಿಗಿದೆ, ಒಂದೇ ವಸ್ತುವಿಗೆ ಹಲವು ಹೆಸರುಗಳಿವೆ, ಹೆಸರು ಬದಲಾದರೂ ವಸ್ತು ಬದಲಾಗದು, ಕೆಲವಕ್ಕೆ ಹೆಸರೇ ಇಲ್ಲ ಎಂಬ ಅವನ ನಾಲ್ಕು ವಾದಗಳನ್ನು ಕ್ರಿ.ಶ. 5ನೇ ಶತಮಾನದ ತತ್ತ್ವಜ್ಞಾನಿ ಪ್ರೋಕ್ಲಸ್ ಉಳಿಸಿಕೊಟ್ಟಿದ್ದಾನೆ. ಮೂರನೆಯದಕ್ಕೆ ಪ್ರೋಕ್ಲಸ್ ಕೊಡುವ ಉದಾಹರಣೆ ಅರಿಸ್ಟೊಕ್ಲಿಸನು ಪ್ಲೇಟೊ ಆದದ್ದು!

ಇನ್ನು ಕ್ರಾಟಿಲಸನ ಸರದಿ. ಗ್ರೀಕ್ ಭಾಷೆಯ ‘ರ’ಕಾರ ಚಲನೆಯನ್ನೂ ಗಡಸನ್ನೂ, ‘ಲ’ಕಾರ ನುಣುಪನ್ನೂ ಅನುಕರಿಸುತ್ತವೆಂದು ಒಪ್ಪಿಕೊಂಡ ಮೇಲೆ, ಗಡಸುತನ ಎಂಬ ಅರ್ಥದ ‘ಸ್ಕ್ಲೆರೊಟೆಸ್’ ಪದದಲ್ಲಿ ‘ಲ’ಕಾರಕ್ಕೇನು ಕೆಲಸ ಎಂದು ಸಾಕ್ರಟೀಸ್ ಕೇಳುತ್ತಾನೆ. ಆದರೂ ಆ ಪದ ತನಗೆ ಅರ್ಥವಾಗುವುದು ರೂಢಿಯಿಂದ ಎಂದು ಕ್ರಾಟಿಲಸನೇ ಒಪ್ಪಬೇಕಾಗುತ್ತದೆ. ಆ ಒಂದು ಉತ್ತರದಲ್ಲಿ ಅವನು ಎದುರು ಪಕ್ಷಕ್ಕೆ ಬಾಗಿಲು ತೆರೆದಂತಾಯಿತು. ಸಂಖ್ಯೆಗಳಿಗೆ ಒಂದೊಂದಕ್ಕೂ ಹೋಲುವ ಧ್ವನಿಯನ್ನು ಎಲ್ಲಿಂದ ತರುವುದು ಎಂಬ ಪ್ರಶ್ನೆಯೂ ಇದರ ಬೆನ್ನಿಗೇ ಬರುತ್ತದೆ.

ವಸ್ತುಗಳನ್ನು ಹೆಸರುಗಳ ಮೂಲಕವೇ ತಿಳಿಯಬೇಕೆಂದಾದರೆ, ಇನ್ನೂ ಹೆಸರೇ ಇಲ್ಲದಾಗ ಮೊದಲ ಹೆಸರಿಟ್ಟವನಿಗೆ ಅವು ತಿಳಿದದ್ದು ಹೇಗೆ? ಮನುಷ್ಯನಿಗೆ ಮೀರಿದ ಶಕ್ತಿಯೊಂದು ಅವನ್ನು ಇಟ್ಟಿತು ಎಂದು ಕ್ರಾಟಿಲಸ್ ಉತ್ತರಿಸುತ್ತಾನೆ. ಹಾಗಿದ್ದರೆ ಕೆಲವು ಹೆಸರುಗಳು ಎಲ್ಲವೂ ಚಲಿಸುತ್ತಿದೆ ಎಂದೂ, ಕೆಲವು ಎಲ್ಲವೂ ನಿಂತಿದೆ ಎಂದೂ ಸೂಚಿಸುವುದೇಕೆ ಎಂದಾಗ, ಅವುಗಳಲ್ಲಿ ಒಂದು ಬಗೆಯವು ನಿಜವಾದ ಹೆಸರುಗಳೇ ಅಲ್ಲ ಎನ್ನುತ್ತಾನೆ. ಯಾವ ಬಗೆಯವು ಎಂಬುದನ್ನು ಹೆಸರುಗಳ ತಲೆ ಎಣಿಸಿ ತೀರ್ಮಾನಿಸಲಾಗದು, ಹೆಸರುಗಳ ನೆರವಿಲ್ಲದೆ ವಸ್ತುಗಳನ್ನೇ ವಿಚಾರಿಸಬೇಕಾಗುತ್ತದೆ ಎಂಬುದು ಸಾಕ್ರಟೀಸನ ಮರುಮಾತು. ಕ್ರಾಟಿಲಸನ ಬಳಿ ಅದಕ್ಕೆ ಉತ್ತರವಿಲ್ಲ.

ಇಂತಿ,
ಓರ್ವ ನಿವೃತ್ತ ತತ್ತ್ವಶಾಸ್ತ್ರ ಅಧ್ಯಾಪಕ, ಧಾರವಾಡ